ಫ್ರಿಜ್ಜಿನೊಳಗಿನ ನರಿಬಾಲ

ಸರಕಾರಿ ನೌಕರಿಯಲ್ಲಿರುವವನು ಗಿಡ ನೆಡಬಾರದು ಎಂಬುದು ನನ್ನ ಅನುಭವದ ಮಾತು. ನೆಡಲೇಬೇಕೆಂಬ ಚಪಲ ತಡೆಯಲಾರದಷ್ಟಿದ್ದರೆ ಮೆಂತ್ಯ, ಮೂಲಂಗಿ ಇಂಥವನ್ನು ಹಾಕಿಕೊಳ್ಳಬೇಕು. ಅವು ವರ್ಗಾವಣೆಯ ಆದೇಶಕ್ಕಿಂತ ಬೇಗ ಕೈಗೆ ಬರುತ್ತವೆ. ವಿಶಾಖಪಟ್ಟಣದಲ್ಲಿದ್ದಾಗ ನಾನು ಕ್ವಾರ್ಟರ್ಸಿನ ಹಿಂದೆ ಒಂದು ಮಾವಿನ ಸಸಿ ನೆಟ್ಟು, ಪಾತ್ರೆ ತೊಳೆದ ನೀರನ್ನೆಲ್ಲ ಅದಕ್ಕೇ ಹರಿಸಿ, ಮಗುವಿನಂತೆ ಸಾಕಿದೆ. ಅದು ಮೊದಲ ಹೂ ಬಿಡಬೇಕೆನ್ನುವ ತಿಂಗಳು ನನ್ನನ್ನು ಎತ್ತಿ ನಾಗಪುರಕ್ಕೆ ಹಾಕಿದರು. ನನ್ನ ಜಾಗಕ್ಕೆ ಬಂದಾತ ಬಹಳ ಒಳ್ಳೆಯ ಮನುಷ್ಯ. ಪ್ರತಿ ಬೇಸಿಗೆಯಲ್ಲೂ ತಪ್ಪದೆ ಫೋನು ಮಾಡಿ ಹಣ್ಣು ಎಷ್ಟು ಸಿಹಿಯಾಗಿದೆ ಎಂದು ವಿವರವಾಗಿ ತಿಳಿಸುತ್ತಿದ್ದ. ನಾಗಪುರದಲ್ಲಿ ನೆಟ್ಟ ಕಿತ್ತಳೆಯದೂ ಇದೇ ಕಥೆ. ಹೀಗಾಗಿ ಐವತ್ತು ದಾಟಿದರೂ ನಾನು ನೆಟ್ಟ ಗಿಡದ ಹೂವನ್ನು ನಾನೇ ಕಣ್ಣಾರೆ ಕಂಡವನಲ್ಲ. ಕೇಳಿದವರಿಗೆಲ್ಲ, "ಏನು ಮಾಡೋದು, ವರ್ಗಾವಣೆಯ ನೌಕರಿ" ಎಂದು ನಿಟ್ಟುಸಿರು ಬಿಟ್ಟು ತೋಟಗಾರನ ಮಾನ ಉಳಿಸಿಕೊಂಡಿದ್ದೆ.

ಕೊಲ್ಕತ್ತಾಕ್ಕೆ ಬಂದ ಮೇಲೆ ಆ ನೆಪವೂ ಕೈಬಿಟ್ಟಿತು. ಅಲ್ಲಿಗೆ ಬಂದು ಒಂಬತ್ತು ವರ್ಷವಾದರೂ ನನ್ನನ್ನು ಯಾರೂ ಅಲುಗಿಸಲಿಲ್ಲ. ಹುಬ್ಬಳ್ಳಿಗೆ ಕೊಡಿ ಎಂದು ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದೆ. ನರಿಯ ಕೂಗು ಗಿರಿಗೆ ಮುಟ್ಟೀತೇ? ಈ ಒಂಬತ್ತು ವರ್ಷಗಳಲ್ಲಿ ನನ್ನ ಗಿಡಗಳು ವರ್ಗಾವಣೆಯ ಹಂಗಿಲ್ಲದೆ, ಶುದ್ಧ ನನ್ನ ಸ್ವಂತ ಯೋಗ್ಯತೆಯಿಂದಲೇ ಸತ್ತವು. ನಾವಿದ್ದದ್ದು ಬೆಹಾಲಾದಲ್ಲಿ, ನಾಲ್ಕು ಮಹಡಿಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಅದರ ತಾರಸಿಯ ಮೇಲೆ ಎಲ್ಲರಿಗೂ ಒಂದೊಂದು ಮೂಲೆ. ಚಳಿಗಾಲ ಬಂತೆಂದರೆ ಆ ಊರಿನಲ್ಲಿ ಗಂಡಸಿನ ಯೋಗ್ಯತೆಯನ್ನು ಅವನ ಸೇವಂತಿಗೆ ಮತ್ತು ಡೇಲಿಯಾದ ಗಾತ್ರದಲ್ಲಿ ಅಳೆಯುತ್ತಾರೆ. ಕೆಳಗಿನ ಮನೆಯ ಭೌಮಿಕ್ ದಾದಾ ಬೆಳೆಸುವ ಡೇಲಿಯಾ ಊಟದ ತಟ್ಟೆಯಷ್ಟು ಅಗಲ. ನನ್ನದು ಅಂಗಿಯ ಗುಂಡಿಯಷ್ಟರ ಮೊಗ್ಗಿನಲ್ಲೇ ಬಾಡಿಹೋಗುತ್ತಿತ್ತು. ಭೌಮಿಕ್ ದಾದಾ ಸಜ್ಜನರು, ಮನಸ್ಸು ನೋಯಿಸುವವರಲ್ಲ. ಖಾಲಿ ಕುಂಡಗಳ ಮುಂದೆ ನಿಂತು, "ಕುಲಕರ್ಣಿಬಾಬು, ನಿಮ್ಮ ಮಣ್ಣು ಮಾತ್ರ ಬಹಳ ಚೆನ್ನಾಗಿದೆ" ಎಂದು ಹಿಂದಿಯಲ್ಲಿ ಸಮಾಧಾನ ಹೇಳುತ್ತಿದ್ದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಭೌಮಿಕ್ ದಾದಾ ಬೆಳೆಯುವ ಹೂವಿನಲ್ಲಿ ಅವರನ್ನು ಗೆಲ್ಲುವುದು ಈ ಜನ್ಮದ ಮಾತಲ್ಲ. ಆದ್ದರಿಂದ ಅವರು ಕೇಳಿಯೇ ಇರದ ಹೂವನ್ನು ಬೆಳೆಸಬೇಕು ಎಂದು ನಿಶ್ಚಯಿಸಿದೆ. ಕಾಲೇಜಿಗೆ ಹೋಗುವ ಮಗಳು ಅನಘಾ ತನ್ನ ಫೋನಿನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದಳು. ಎಲೆಗಳ ನಡುವಿನಿಂದ ನೆಟ್ಟಗೆ ಎದ್ದ ಒಂದೇ ದಂಟು, ಅದರ ಸುತ್ತ ನೂರಾರು ಪುಟ್ಟ ಬಿಳಿ ಹೂಗಳು, ತುದಿ ಚೂಪು. ಹೆಸರು ಫಾಕ್ಸ್‌ಟೇಲ್ ಲಿಲಿ. ಹಿಮಾಲಯದ ಕಡೆಯ ಗಿಡವಂತೆ. "ಅಪ್ಪಾ, ಇದು ಕೋಲ್ಡ್ ಪ್ಲೇಸ್‌ದಾಗ ಮಾತ್ರ ಬರ್ತದ. ಕೊಲ್ಕತ್ತಾದಾಗ ಇಂಪಾಸಿಬಲ್" ಎಂದಳು ಮಗಳು. ಅಸಾಧ್ಯ ಎಂಬ ಮಾತು ನನಗೆ ಬಹಳ ಹಿಡಿಸಿತು. ಸಾಧ್ಯವಾದುದರಲ್ಲಿ ಸೋತರೆ ನಗುತ್ತಾರೆ, ಅಸಾಧ್ಯವಾದುದರಲ್ಲಿ ಸೋತರೆ ಗೌರವಿಸುತ್ತಾರೆ ಎಂಬ ಲೆಕ್ಕಾಚಾರ ನನ್ನದು. ಹಿಮಾಚಲದ ನರ್ಸರಿಯೊಂದಕ್ಕೆ ಅಂದೇ ಬರೆದೆ. ಮನೆಯಲ್ಲಿ ಎಲ್ಲರಿಗೂ ತಿಳಿಯಲೆಂದು ಹೆಸರನ್ನು ಕನ್ನಡಕ್ಕಿಳಿಸಿ ನರಿಬಾಲ ಎಂದು ಘೋಷಿಸಿದೆ. ನನ್ನ ಹೆಂಡತಿ ಸುಮಂಗಲಾ ಅದನ್ನು ಇನ್ನೂ ಕತ್ತರಿಸಿ ಬರೀ "ನರಿ" ಮಾಡಿಕೊಂಡಳು. ನಮ್ಮ ಕಡೆ ನರಿಯ ಮುಖ ನೋಡಿ ಎದ್ದರೆ ಅದೃಷ್ಟ ಎನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಬಾಲ, ಅದೂ ರಟ್ಟಿನ ಡಬ್ಬಿಯಲ್ಲಿ.

ಡಬ್ಬಿ ಬಂದದ್ದು ದುರ್ಗಾಪೂಜೆ ಮುಗಿದು, ಅಲ್ಲಿನವರ ಲಕ್ಷ್ಮೀಪೂಜೆಯ ಮುನ್ನಾದಿನ. ಮರದ ಹೊಟ್ಟಿನ ನಡುವೆ ಒಂದು ವಿಚಿತ್ರ ಬೇರು ಮಲಗಿತ್ತು. ನಡುವೆ ಒಂದು ಮೊಗ್ಗಿನಂಥ ಗಂಟು, ಅದರ ಸುತ್ತ ಬೆರಳಿನಷ್ಟು ದಪ್ಪದ ಹನ್ನೊಂದು ಕಾಲುಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿದ್ದವು. ಸುಮಂಗಲಾ ಎರಡು ಹೆಜ್ಜೆ ಹಿಂದೆ ಸರಿದು, "ಏನ್ರೀ ಇದು? ಏಡಿ ತಂದೀರೇನು ಮನಿಗೆ?" ಎಂದಳು. ಜೊತೆಗಿದ್ದ ಚೀಟಿಯನ್ನು ನಾನು ಓದಿ ಹೇಳಿದೆ. ಈ ಬೇರಿಗೆ ಹತ್ತು ವಾರ ಕೊರೆಯುವ ಚಳಿ ಬೇಕು. ಚಳಿಯಿಲ್ಲದ ಊರಿನವರು ಅದನ್ನು ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಮಲಗಿಸಬೇಕು. ಬಹಳ ಮುಖ್ಯವಾಗಿ, ಸೇಬು, ಬಾಳೆ ಮೊದಲಾದ ಯಾವ ಹಣ್ಣೂ ಅದೇ ಫ್ರಿಜ್ಜಿನಲ್ಲಿರಕೂಡದು. ಹಣ್ಣಿನಿಂದ ಹೊರಡುವ ಗಾಳಿ ತಾಕಿದರೆ ಒಳಗಿನ ಮೊಗ್ಗು ಅಲ್ಲೇ ಸತ್ತುಹೋಗುತ್ತದೆ. ಸುಮಂಗಲಾ ಕೇಳಿಸಿಕೊಂಡಳು. "ನನ್ನ ಕೊತ್ತಂಬರಿ ಎಲ್ಲಿ ಇಡ್ಲಿ? ನಿಮ್ಮ ತಲೀ ಮ್ಯಾಲೆ ಇಡ್ಲೇನು?" ಎಂದಳು. ಆದರೂ ಡ್ರಾಯರನ್ನು ಖಾಲಿ ಮಾಡಿ, ಒರೆಸಿ, ಒಣ ಬಟ್ಟೆ ಹಾಸಿದವಳು ಅವಳೇ. ನಾನು ಪಕ್ಕದಲ್ಲಿ ನಿಂತು ಚೀಟಿಯನ್ನು ಇನ್ನೊಮ್ಮೆ ಓದಿದೆ.

ಮರುದಿನವೇ ಪರೀಕ್ಷೆ ಬಂತು. ಲಕ್ಷ್ಮೀಪೂಜೆಯ ದಿನ ಕಟ್ಟಡದ ಪ್ರತಿ ಮನೆಯಿಂದಲೂ ಪ್ರಸಾದ ಬರುತ್ತದೆ. ಪ್ರಸಾದವೆಂದರೆ ಹೆಚ್ಚಿದ ಸೇಬು, ಪೇರಲ, ಬಾಳೆ, ಸೀತಾಫಲ. ಏಳು ಮನೆಯಿಂದ ಏಳು ತಟ್ಟೆ. ಫ್ರಿಜ್ಜಿಗೆ ಇಡುವಂತಿಲ್ಲ, ಪ್ರಸಾದವಾದ್ದರಿಂದ ಚೆಲ್ಲುವಂತಿಲ್ಲ. ಮೂವರೂ ಕುಳಿತು ಸಂಜೆಯೊಳಗೆ ಅಷ್ಟನ್ನೂ ತಿಂದೆವು. ಅಲ್ಲಿಂದ ಹತ್ತು ವಾರ ನಮ್ಮ ಮನೆಯಲ್ಲಿ ಹಣ್ಣನ್ನು ಕಂಡವರಿಲ್ಲ. ಒಮ್ಮೆ ಭೌಮಿಕ್ ದಾದಾ ಒಂದು ಚೀಲ ಸೇಬು ಹಿಡಿದು ಬಂದರು. ಸುಮಂಗಲಾ ಬಾಗಿಲಲ್ಲೇ ತಡೆದು, ಚೀಲವನ್ನು ಮೆಟ್ಟಿಲ ಮೇಲೆ ಇಡಿಸಿ, ಆಮೇಲೆ ಅವರನ್ನು ಒಳಗೆ ಕರೆದಳು. ಸೇಬಿಗೆ ಹೆದರುವ ಸಂಪ್ರದಾಯ ಕರ್ನಾಟಕದಲ್ಲಿ ಬಹಳ ಹಳೆಯದೇ ಎಂದು ಅವರು ನನ್ನನ್ನು ಗಂಭೀರವಾಗಿ ಕೇಳಿದರು. ರಹಸ್ಯ ಬಯಲಾಗಬಾರದೆಂದು ನಾನು ಹೌದೆಂದುಬಿಟ್ಟೆ.

ಹತ್ತು ವಾರ ಕಳೆಯುವುದಕ್ಕೂ ಎಳ್ಳಮಾಸಿ ಬರುವುದಕ್ಕೂ ಸರಿಹೋಯಿತು. ಸುಮಂಗಲಾ ನವಲಗುಂದದ ಕಡೆಯ ಹೊಲಮನೆಯವಳು. ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಂಡು ಬರುವುದು ಅವಳ ತವರಿನ ಪದ್ಧತಿ. ಕೊಲ್ಕತ್ತಾದಲ್ಲಿ ಹೊಲವಿಲ್ಲವೆಂದು ಒಂಬತ್ತು ವರ್ಷ ಸುಮ್ಮನಿದ್ದಳು. ನಾನು ದೊಡ್ಡ ಕುಂಡದಲ್ಲಿ ಮರಳಿನ ದಿಬ್ಬ ಮಾಡಿ, ಅದರ ಮೇಲೆ ಬೇರಿನ ಹನ್ನೊಂದು ಕಾಲುಗಳನ್ನೂ ಮುರಿಯದಂತೆ ಹರಡಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡಿದೆನೋ ಇಲ್ಲವೋ, ಅವಳು ಬುತ್ತಿಯ ಗಂಟು ಹಿಡಿದು ತಾರಸಿಗೆ ಬಂದೇಬಿಟ್ಟಳು. "ಕುಂಡ ಇದ್ದರ ಏನಾತು, ಮಣ್ಣು ಮಣ್ಣs ಅಲ್ಲೇನು?" ಎಂದು ಸಜ್ಜಿ ರೊಟ್ಟಿ, ಎಣಗಾಯಿ, ಕಡಬು, ಶೇಂಗಾ ಹೋಳಿಗೆ ಎಲ್ಲವನ್ನೂ ಬಿಚ್ಚಿದಳು. ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಅನ್ನ ಕಡಬು ಕಲಸಿ ಸುತ್ತಲೂ ಚೆಲ್ಲಿದಳು. ಬೆಹಾಲಾದ ಸಮಸ್ತ ಕಾಗೆಗಳೂ ಐದು ನಿಮಿಷದಲ್ಲಿ ಹಾಜರಾದವು. ಚರಗವನ್ನು ತಿಂದು ಮುಗಿಸಿ, ನನ್ನ ಮರಳಿನ ದಿಬ್ಬವನ್ನೂ ಕೆದಕಲು ಶುರುಮಾಡಿದವು. ನಾನು ಕೊಡೆ ಬಿಚ್ಚಿ ಕುಂಡದ ಮುಂದೆ ಕುಳಿತೆ. ಊಟವನ್ನೂ ಹಾಗೆಯೇ ಮಾಡಿದೆ. ಸೇವಂತಿಗೆಗೆ ನೀರು ಹಾಕಲು ಬಂದ ಭೌಮಿಕ್ ದಾದಾ ಈ ದೃಶ್ಯವನ್ನು ಕಂಡು ನಮ್ಮ ಪಕ್ಕದಲ್ಲೇ ಬಂದು ಕುಳಿತರು. ಕೈಗಿಟ್ಟ ಕಡಬನ್ನು ತಿಂದು, "ಓಹೋ, ನಿಮ್ಮ ಊರಿನ ಪಿಠೆ!" ಎಂದು ಬಂಗಾಳದ ಕಡಬಿನ ಹೆಸರಿಟ್ಟು, ಇನ್ನೆರಡು ಕೇಳಿ ಹಾಕಿಸಿಕೊಂಡರು.

ಫೆಬ್ರವರಿಯಲ್ಲಿ ಈರುಳ್ಳಿಯ ಸೊಪ್ಪಿನಂಥ ಎಲೆಗಳು ಬಂದವು. ಮಾರ್ಚಿನ ಮೊದಲ ವಾರದಲ್ಲಿ ಎಲೆಗಳ ನಡುವೆ ಒಂದು ಹಸಿರು ತುದಿ ಇಣುಕಿತು. ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಮೊಗ್ಗು! ನನ್ನ ಕೈಯಿಂದ, ನನ್ನ ಕುಂಡದಲ್ಲಿ, ನನ್ನ ಕಣ್ಣೆದುರು. ಮೂರು ಮೆಟ್ಟಿಲು ಒಮ್ಮೆಗೇ ಹಾರಿ ಕೆಳಗಿಳಿದು ಬಂದರೆ ಸುಮಂಗಲಾ ನನಗಿಂತ ದೊಡ್ಡ ಸುದ್ದಿ ಹಿಡಿದು ನಿಂತಿದ್ದಳು. ಕಚೇರಿಯಿಂದ ಫೋನು ಬಂದಿತ್ತು. ನನಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಹತ್ತು ದಿನದೊಳಗೆ ಇಲ್ಲಿಂದ ಬಿಡುಗಡೆಯಾಗಿ ಅಲ್ಲಿ ಹಾಜರಾಗಬೇಕು. ಅವಳ ಕಣ್ಣಲ್ಲಿ ನೀರಿತ್ತು. ಆಗಲೇ ಕೆಳಗಿನ ಅಂಗಡಿಯಿಂದ ಸಂದೇಶ್ ಮಿಠಾಯಿ ತರಿಸಿ ಎರಡು ಮನೆಗೆ ಹಂಚಿಯೂ ಆಗಿತ್ತು. ನಾನು ಒಂದು ಸಂದೇಶ್ ಬಾಯಿಗೆ ಹಾಕಿಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೊಗ್ಗು ದಂಟಾಗಿ, ದಂಟು ಬೆಳೆದು ಹೂವಾಗಲು ಕಡಿಮೆಯೆಂದರೂ ಮೂರು ವಾರ. "ಹತ್ತು ದಿನ ಸಾಲೂದಿಲ್ಲ" ಎಂದೆ. ಸಾಮಾನು ಕಟ್ಟುವುದಕ್ಕೆ ಎಂದು ಅವಳು ತಿಳಿದಳು. ನಾನು ಬುದ್ಧಿವಂತನಾಗಿದ್ದರೆ ಹಾಗೇ ತಿಳಿದುಕೊಳ್ಳಲು ಬಿಡುತ್ತಿದ್ದೆ.

ನಿಜ ಹೇಳಿದ ಮೇಲೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯಲಾರೆ. "ಕಾಯಿಪಲ್ಲ್ಯಾಕಿ ಜೋಡಿ ಕನ್ನಡದಾಗ ಚೌಕಾಶಿ ಮಾಡಿ ಒಂಬತ್ತು ವರ್ಷ ಆತು" ಎಂದಳು. "ಇಲ್ಲಿ ಹಿಂದಿಯೊಳಗ ನಾಕು ಮಾತು ಆಡೂದ್ರಾಗ ಬದನಿಕಾಯಿ ಬಾಡಿ ಹೋಗ್ತಾವ. ದೇವರು ಈಗ ಕಣ್ಣು ತಗದಾನ, ನೀವು ನರಿ ಬಾಲಾ ಹಿಡಕೊಂಡು ಕೂತೀರಿ!" ಅವಳ ಸಿಟ್ಟಿಗೆ ಕಾರಣವಿತ್ತು. ಹುಬ್ಬಳ್ಳಿಯ ಆ ಕುರ್ಚಿಯ ಮೇಲೆ ಪುಣೆಯ ಒಬ್ಬ ಅಧಿಕಾರಿಯ ಕಣ್ಣೂ ಇತ್ತು. ಹತ್ತು ದಿನದಲ್ಲಿ ನಾನು ಹೋಗದಿದ್ದರೆ ಅದು ಅವನ ಪಾಲು. ನಮಗೆ ಇನ್ನೂ ಒಂಬತ್ತು ವರ್ಷ ಬಾಡಿದ ಬದನೆಕಾಯಿ. ಕುಂಡವನ್ನೇ ಒಯ್ಯೋಣವೆಂದರೆ ಎರಡು ದಿನದ ರೈಲು, ಮುಟ್ಟಿದರೆ ಮುರಿಯುವ ಬೇರು. ನಾನು ತಾರಸಿಗೆ ಹೋಗಿ ಮೊಗ್ಗಿನ ಮುಂದೆ ಕುಳಿತೆ. ವಿಶಾಖಪಟ್ಟಣದ ಮಾವು, ನಾಗಪುರದ ಕಿತ್ತಳೆ ನೆನಪಾದವು. ಐವತ್ತಮೂರು ವರ್ಷದ ಗಂಡಸು ಒಂದು ಗಿಡಕ್ಕಾಗಿ ಕಣ್ಣು ಒರೆಸಿಕೊಂಡ ಎಂದರೆ ನೀವು ನಗುತ್ತೀರಿ. ನಗಿ, ಆದರೂ ಒರೆಸಿಕೊಂಡೆ.

ಸಾಲ್ಟ್ ಲೇಕಿನ ನಮ್ಮ ಕಚೇರಿಯ ಮುಖ್ಯಸ್ಥರು ಸೇನ್‌ಗುಪ್ತ ಸಾಹೇಬರು. ರಜೆ ಕೇಳಲು ಹೋದವನು ತನಗೆ ರಜೆಯ ಅಗತ್ಯವಿಲ್ಲವೆಂದು ಮನವರಿಕೆಯಾಗಿ ಹೊರಬರುವಂತೆ ಮಾತಾಡುವುದರಲ್ಲಿ ನಿಪುಣರು. ಬಿಡುಗಡೆಯನ್ನು ಮೂರು ವಾರ ಮುಂದಕ್ಕೆ ಹಾಕಬೇಕೆಂದು ಅರ್ಜಿ ಕೊಟ್ಟೆ. ಕಾರಣ, ಹಲ್ಲಿನ ಚಿಕಿತ್ಸೆ. ಹುಬ್ಬಳ್ಳಿಯಲ್ಲೂ ಹಲ್ಲಿನ ಡಾಕ್ಟರು ಇರುವರೆಂದು ಬರೆದು ವಾಪಸು ಕಳಿಸಿದರು. ಎರಡನೆಯ ಅರ್ಜಿಯಲ್ಲಿ ಮಗಳ ಪರೀಕ್ಷೆ ಎಂದೆ. ಅವರು ಒಳಗೆ ಕರೆದರು. "ಪರೀಕ್ಷೆ ಮೇ ತಿಂಗಳಲ್ಲಿ. ನನ್ನ ಮಗನೂ ಅದೇ ಕಾಲೇಜು. ಕುಲಕರ್ಣಿ, ಒಂಬತ್ತು ವರ್ಷದಿಂದ ನೀವು ಹುಬ್ಬಳ್ಳಿ ಹುಬ್ಬಳ್ಳಿ ಎಂದು ನನ್ನ ತಲೆ ತಿಂದಿದ್ದೀರಿ. ನಿಜವಾದ ಕಾರಣ ಏನು?" ಎಂದರು. ಸುಳ್ಳುಗಳು ಮುಗಿದಿದ್ದವು. "ಸರ್, ಫಾಕ್ಸ್‌ಟೇಲ್ ಲಿಲಿ ಮೊಗ್ಗು ಬಿಟ್ಟಿದೆ" ಎಂದೆ. ಸಾಹೇಬರು ಕನ್ನಡಕ ತೆಗೆದರು. ಆಮೇಲೆ, "ಬೆಹಾಲಾದಲ್ಲಿ? ಅಶೊಂಭೊಬ್!" ಎಂದರು. ಅಸಂಭವ ಎಂಬ ಮಾತು ಬಂಗಾಳಿಯಲ್ಲಿ ಇನ್ನೂ ಅಸಂಭವವಾಗಿ ಕೇಳುತ್ತದೆ. ತಮ್ಮ ಮನೆಯ ತಾರಸಿಯಲ್ಲಿ ಅವರೂ ಎರಡು ಸಲ ಅದೇ ಬೇರು ತರಿಸಿ ಸೋತವರೆಂದು ಆಗಲೇ ನನಗೆ ತಿಳಿದದ್ದು. "ರವಿವಾರ ಬೆಳಿಗ್ಗೆ ಇನ್‌ಸ್ಪೆಕ್ಷನ್‌ಗೆ ಬರುತ್ತೇನೆ. ಸುಳ್ಳಾಗಿದ್ದರೆ ಸೋಮವಾರವೇ ಬಿಡುಗಡೆ" ಎಂದರು.

ರವಿವಾರ ಬಂದರು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಕುಂಡದ ಮುಂದೆ ಮೊಣಕಾಲೂರಿ ಕುಳಿತರು. ಅಷ್ಟರಲ್ಲಿ ದಂಟು ಗೇಣುದ್ದ ಎದ್ದಿತ್ತು. ಸುಮಂಗಲಾ ಚಹಾ ತಂದಳು. "ದಯವಿಟ್ಟು ಇವರನ್ನು ಬೇಗ ಬಿಟ್ಟುಕೊಡಿ" ಎಂದು ಸಾಹೇಬರಿಗೆ ನೇರವಾಗಿ ಹೇಳುತ್ತೇನೆಂದು ಎರಡು ದಿನದಿಂದ ಅವಳು ಹಿಂದಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದುದು ನನಗೆ ಗೊತ್ತಿತ್ತು. ಸಾಹೇಬರು ನನ್ನನ್ನು ಕೇಳಿದರು: "ಎಲ್ಲ ಸರಿ, ಆದರೆ ಹಣ್ಣು? ಫ್ರಿಜ್ಜಿನಿಂದ ಹತ್ತು ವಾರ ಹಣ್ಣನ್ನು ಹೊರಗಿಟ್ಟವರು ಯಾರು?" ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಂಗಲಾ, "ನಾನೇ ಸಾಬ್. ಲಕ್ಷ್ಮೀಪೂಜೆಯ ಪ್ರಸಾದವನ್ನೂ ಒಳಗೆ ಬಿಡಲಿಲ್ಲ" ಎಂದಳು. ಸಾಹೇಬರು ಎದ್ದು ನಿಂತರು. ಎರಡು ಕೈ ಜೋಡಿಸಿದರು. "ನಮ್ಮ ಮನೆಯಲ್ಲಿ ಎರಡು ಸಲವೂ ಎರಡನೆಯ ದಿನಕ್ಕೇ ಸೇಬು ಒಳಗೆ ಬಂತು. ಹೆಂಡತಿಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ" ಎಂದರು. ಕಚೇರಿಯನ್ನೆಲ್ಲ ನಡುಗಿಸುವ ಮನುಷ್ಯ ಹೀಗೆ ಹೇಳಿದ್ದನ್ನು ಕೇಳಿ ಸುಮಂಗಲಾಳಿಗೆ ಅವರ ಮೇಲೂ, ಮೊಗ್ಗಿನ ಮೇಲೂ, ಕೊನೆಗೆ ಸ್ವಲ್ಪ ನನ್ನ ಮೇಲೂ ಕರುಣೆ ಬಂದಿರಬೇಕು. ಜೋಡಿಸಿಟ್ಟ ವಾಕ್ಯವನ್ನು ಅಲ್ಲೇ ಬಿಟ್ಟು ಬೇರೆ ಮಾತು ತೆಗೆದಳು.

"ಹೂ ಅರಳಬೇಕು ಸಾಬ್. ಆದರೆ ಹುಬ್ಬಳ್ಳಿಯೂ ಹೋಗಬಾರದು" ಎಂದಳು. ಸಾಹೇಬರು ಹದಿನೈದು ದಿನ ಕೊಡಬಹುದೆಂದರು. ಸುಮಂಗಲಾ ಮುಖ ತಿರುಗಿಸಿ ಚಹಾದ ಕಪ್ಪು ಎತ್ತಿಕೊಂಡು ಹೊರಟಳು. ಧಾರವಾಡದ ಪೇಟೆಯಲ್ಲಿ ಹೀಗೆ ನಾಲ್ಕು ಹೆಜ್ಜೆ ನಡೆದರೆ ಹಿಂದಿನಿಂದ ಕರೆ ಬರಲೇಬೇಕು. ಬಂತು. "ಹದಿನೆಂಟು!" ಎಂದರು ಸಾಹೇಬರು. ಇವಳು ಇಪ್ಪತ್ತೈದು ಎಂದಳು. ಕೊನೆಗೆ ಇಪ್ಪತ್ತೊಂದಕ್ಕೆ ತೀರ್ಮಾನವಾಯಿತು. ಹುಬ್ಬಳ್ಳಿಯ ಕಚೇರಿಯ ಸಾಹೇಬರಿಗೆ ಈಗಿಂದೀಗಲೇ ಫೋನು ಮಾಡಿ ಕುರ್ಚಿಯನ್ನು ಕಾಯ್ದಿಡಿಸಬೇಕೆಂಬುದು ಅವಳ ಕರಾರು. ಹೂ ಮುಗಿದ ಮೇಲೆ ಬೇರು ತಮಗೇ ಬರಬೇಕೆಂಬುದು ಅವರ ಕರಾರು. ಅವರು ನಮ್ಮ ನೀರಿನ ಟ್ಯಾಂಕಿಗೆ ಒರಗಿ ನಿಂತು ಅಲ್ಲಿಂದಲೇ ಫೋನು ಮಾಡಿ ಐದು ನಿಮಿಷದಲ್ಲಿ ಎಲ್ಲ ಇತ್ಯರ್ಥ ಮಾಡಿದರು. ಒಂಬತ್ತು ವರ್ಷ ನಾನು ಅರ್ಜಿಗಳಲ್ಲಿ ಬಳಸಿದ ಇಂಗ್ಲಿಷು ಎಷ್ಟು ಉತ್ತಮವಾಗಿತ್ತು ಎಂದು ನೆನೆದುಕೊಂಡು ನಾನು ಖಾಲಿ ಕಪ್ಪುಗಳನ್ನು ಎತ್ತಿ ಒಳಗಿಟ್ಟೆ.

ದಂಟು ದಿನಕ್ಕೆ ಎರಡು ಬೆರಳಿನಂತೆ ಬೆಳೆಯಿತು. ಇನ್ನೆರಡು ದಿನಕ್ಕೆ ಅರಳಬೇಕೆನ್ನುವಾಗ, ಒಂದು ಮಧ್ಯಾಹ್ನ ವಾಯವ್ಯ ದಿಕ್ಕಿನಲ್ಲಿ ಆಕಾಶ ಮಸಿಯಾಯಿತು. ಅಲ್ಲಿನವರು ಕಾಲ್‌ಬೈಶಾಖಿ ಎನ್ನುವ ಬಿರುಗಾಳಿ, ಆ ವರ್ಷ ಸ್ವಲ್ಪ ಬೇಗ ಬಂದಿತ್ತು. ನಾನು ಮೇಲೆ ಓಡಿದರೆ ಭೌಮಿಕ್ ದಾದಾ ಆಗಲೇ ಅಲ್ಲಿದ್ದರು. ತಮ್ಮ ಗಿಡಗಳ ಬಳಿಯಲ್ಲ, ನನ್ನದರ ಬಳಿ. ಕುಂಡ ಎತ್ತಲು ಇಬ್ಬರಿಂದಲೂ ಆಗಲಿಲ್ಲ. ಅವರು ತಮ್ಮ ಡೇಲಿಯಾಕ್ಕೆ ಆಸರೆಯಾಗಿದ್ದ ಬಿದಿರಿನ ಕೋಲುಗಳನ್ನು ಕಿತ್ತು ತಂದು ಸುತ್ತಲೂ ಊರಿದರು. ಕಟ್ಟಲು ದಾರವಿಲ್ಲ. ನನ್ನ ಹಿಂದೆಯೇ ಓಡಿಬಂದಿದ್ದ ಸುಮಂಗಲಾ, ಒಗೆದು ಒಣಹಾಕಿದ್ದ ತನ್ನ ಲಂಗದ ಲಾಡಿಯನ್ನೇ ಎಳೆದು ತೆಗೆದು, ದಂಟಿಗೆ ನೋವಾಗದಂತೆ ಸಡಿಲವಾಗಿ ಕಟ್ಟಿದಳು. ಗಾಳಿ ಬಂತು. ಪಕ್ಕದ ಕಟ್ಟಡದ ತಗಡು ಹಾರಿಹೋಯಿತು. ನಾವು ಮೂವರೂ ಒಂದು ಚಾದರ ಹಿಡಿದು ಕುಂಡದ ಸುತ್ತ ಬೆನ್ನು ಮಾಡಿ ನಿಂತು ಮುಕ್ಕಾಲು ಗಂಟೆ ನೆನೆದೆವು. ಭೌಮಿಕ್ ದಾದಾ ಅವರ ಎರಡು ಡೇಲಿಯಾ ಆ ದಿನ ಮುರಿದುಬಿದ್ದವು. ಅವರು ಅತ್ತ ಒಮ್ಮೆ ನೋಡಿದರು ಅಷ್ಟೆ.

ಡೋಲ್ ಹುಣ್ಣಿಮೆಯ ಬೆಳಿಗ್ಗೆ, ಊರೆಲ್ಲ ಬಣ್ಣ ಎರಚುತ್ತಿರುವಾಗ, ನಮ್ಮ ತಾರಸಿಯ ಮೇಲೆ ಅಚ್ಚ ಬಿಳಿಯ ಹೂ ಅರಳಿತು. ಬುಡದಿಂದ ಶುರುವಾಗಿ, ದಿನಕ್ಕೊಂದು ಸುತ್ತಿನಂತೆ ಮೇಲೇರುತ್ತ ಹೋಯಿತು. ಎತ್ತರ ಮೂರಡಿಗೆ ಎರಡು ಬೆರಳು ಕಡಿಮೆ. ಹಿಮಾಲಯದಲ್ಲಿ ಆಳೆತ್ತರ ಬರುತ್ತದಂತೆ. ಬರಲಿ, ಅಲ್ಲಿ ಬರುವುದರಲ್ಲಿ ಏನು ಹೆಚ್ಚುಗಾರಿಕೆ? ಕಟ್ಟಡದವರೆಲ್ಲ ಬಂದರು, ಬೀದಿಯವರು ಬಂದರು, ಬಣ್ಣ ಬಳಿದುಕೊಂಡ ಮುಖಗಳಲ್ಲೇ ಬಂದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಭೌಮಿಕ್ ದಾದಾ ಕೊನೆಗೆ ಬಂದು, ಬಹಳ ಹೊತ್ತು ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟರು. ಮಣ್ಣಿನ ಮಾತು ಎತ್ತಲಿಲ್ಲ. ನಾನು ಗೆದ್ದಿದ್ದೆ! ಐವತ್ತಮೂರು ವರ್ಷಕ್ಕೆ ನೆಟ್ಟ ಗಿಡದ ಹೂವನ್ನು ನೆಟ್ಟವನೇ ನೋಡಿದ್ದೆ. ಆ ವಾರವಿಡೀ ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದೆ.

ಇಪ್ಪತ್ತೊಂದನೆಯ ದಿನ ಕಚೇರಿಯಲ್ಲಿ ಬೀಳ್ಕೊಡುಗೆ. ಸೇನ್‌ಗುಪ್ತ ಸಾಹೇಬರು ಹದಿನೈದು ನಿಮಿಷ ಮಾತಾಡಿದರು. ಅದರಲ್ಲಿ ಹದಿನಾಲ್ಕು ನಿಮಿಷ ಹೂವಿನ ವಿಷಯ, ಫ್ರಿಜ್ಜಿನ ಶಿಸ್ತಿನ ವಿಷಯ, ಸೇಬಿನ ವಿಷಯ. ಉಳಿದ ಒಂದು ನಿಮಿಷದಲ್ಲಿ ಕುಲಕರ್ಣಿಯವರ ಕೆಲಸವೂ ತೃಪ್ತಿಕರವಾಗಿತ್ತು ಎಂದು ಸೇರಿಸಿದರು. ಒಂದೇ ಶಾಲು ತಂದಿದ್ದರು. ಅದನ್ನು ಸುಮಂಗಲಾಳಿಗೆ ಹೊದಿಸಿದರು. ನನ್ನ ಕೈಗೆ ಮಿಠಾಯಿಯ ಡಬ್ಬಿ ಕೊಟ್ಟರು. ಪರವಾಗಿಲ್ಲ, ಹೊಸ ಊರಿನಲ್ಲಾದರೂ ಈ ಕಥೆಯನ್ನು ನನ್ನ ರೀತಿಯಲ್ಲಿ ಹೇಳಿಕೊಳ್ಳಬಹುದಲ್ಲ ಎಂದು ಅನಘಾಳನ್ನು ಪರೀಕ್ಷೆ ಮುಗಿಯುವವರೆಗೆ ಭೌಮಿಕ್ ದಾದಾ ಮನೆಯಲ್ಲಿ ಬಿಟ್ಟು, ಎರಡು ದಿನದ ರೈಲಿನುದ್ದಕ್ಕೂ ಅದನ್ನು ತಿದ್ದಿ ತೀಡಿಕೊಂಡು ಬಂದೆ. ಹುಬ್ಬಳ್ಳಿಯ ಕಚೇರಿಯಲ್ಲಿ ಹಾಜರಾದ ದಿನ ಅಲ್ಲಿನ ಸಾಹೇಬರು ನನ್ನ ಹೆಸರು ಕೇಳಿದೊಡನೆ ಎದ್ದು ನಿಂತು ಕೈ ಕುಲುಕಿದರು. "ಬರ್ರಿ ಬರ್ರಿ! ಕೊಲ್ಕತ್ತಾದಾಗ ಆ ಹೂ ಬೆಳಿಸಿದ ಬಾಯಾರ ಯಜಮಾನ್ರು ನೀವs ಏನ್ರಿ?" ಎಂದರು. ಹೌದ್ರಿ ಎಂದೆ. ಕಡೇಪಕ್ಷ ಫ್ರಿಜ್ಜು ನನ್ನದು ಎಂದಾದರೂ ಹೇಳೋಣವೆಂದು ಬಾಯಿ ತೆರೆದೆ. ಅದೂ ಅವಳ ಅಣ್ಣ ಕೊಡಿಸಿದ್ದೆಂದು ನೆನಪಾಗಿ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ.